ಚೆಂಡು ಬುಟ್ಟಿಗೋ, ಜೊತೆಗಾರನಿಗೋ?

1973ರ ವಸಂತದಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ಆ ವರ್ಷದ ಲೆಕ್ಕ ಮುಗಿಸಿದಾಗ ಎರಡು ಪಟ್ಟಿಗಳ ತುದಿಯಲ್ಲಿ ಒಂದೇ ಹೆಸರು ಇತ್ತು. ಅತಿ ಹೆಚ್ಚು ಪಾಯಿಂಟ್ ಗಳಿಸಿದವರ ಪಟ್ಟಿಯಲ್ಲಿ ನೇಟ್ ಆರ್ಚಿಬಾಲ್ಡ್ ಮೊದಲಿಗ. ಜೊತೆಗಾರನಿಗೆ ಚೆಂಡು ಒದಗಿಸಿ ಆತನಿಂದ ಪಾಯಿಂಟ್ ತರಿಸುವ 'ಅಸಿಸ್ಟ್'ಗಳ ಪಟ್ಟಿಯಲ್ಲಿಯೂ ಆತನೇ ಮೊದಲಿಗ. ಪಂದ್ಯಕ್ಕೆ ಸರಾಸರಿ 34 ಪಾಯಿಂಟ್, 11.4 ಅಸಿಸ್ಟ್. ಆರಡಿ ಒಂದಂಗುಲದ ಈ ಆಟಗಾರ ನಮ್ಮ ಕಡೆ ಎತ್ತರದ ಆಳು ಎನಿಸಿಕೊಳ್ಳುತ್ತಿದ್ದ. ಏಳಡಿಯ ದೈತ್ಯರು ಓಡಾಡುವ ಆ ಅಂಗಣದಲ್ಲಿ ಮಾತ್ರ ಆತನಿಗೆ 'ಟೈನಿ', ಎಂದರೆ ಪುಟಾಣಿ, ಎಂದೇ ಹೆಸರು. 48 ನಿಮಿಷಗಳ ಪಂದ್ಯದಲ್ಲಿ ಸರಾಸರಿ 46 ನಿಮಿಷ ಆತ ಅಂಗಣ ಬಿಟ್ಟು ಕದಲುತ್ತಿರಲಿಲ್ಲ. ಒಂದೇ ವರ್ಷದಲ್ಲಿ ಎರಡೂ ಅಧಿಕೃತ ಪಟ್ಟಿಗಳ ಅಗ್ರಸ್ಥಾನ ಅದಕ್ಕೆ ಹಿಂದೆ ಯಾರಿಗೂ ದಕ್ಕಿರಲಿಲ್ಲ, ಆಮೇಲೆ ಅರ್ಧ ಶತಮಾನ ಕಳೆದರೂ ದಕ್ಕಿಲ್ಲ.

ಆದರೆ ಆತನ ತಂಡವಾದ ಕಾನ್ಸಾಸ್ ಸಿಟಿ-ಒಮಾಹಾ ಕಿಂಗ್ಸ್ ಆ ವರ್ಷ ಆಡಿದ 82 ಪಂದ್ಯಗಳಲ್ಲಿ ಗೆದ್ದದ್ದು 36, ಸೋತದ್ದು 46. ಲೀಗ್‌ನ ಕೊನೆಯ ಸುತ್ತುಗಳಿಗೆ ಅದು ಅರ್ಹತೆಯನ್ನೂ ಪಡೆಯಲಿಲ್ಲ. ಇಬ್ಬರ ಕೆಲಸವನ್ನು ಒಬ್ಬನೇ ಮಾಡಿದ, ಇಬ್ಬರಿಗಿಂತ ಚೆನ್ನಾಗಿಯೇ ಮಾಡಿದ. ಆದರೂ ತಂಡ ಸೋತಿತು. ಹಾಗಾದರೆ ಆತ ಯಾವುದನ್ನು ಕಡಿಮೆ ಮಾಡಬೇಕಿತ್ತು? ಬುಟ್ಟಿಗೆ ಎಸೆಯುವುದನ್ನೇ ಅಥವಾ ಜೊತೆಗಾರರಿಗೆ ಕೊಡುವುದನ್ನೇ?

ಬ್ಯಾಸ್ಕೆಟ್‌ಬಾಲ್‌ನಲ್ಲಿ ಈ ಪ್ರಶ್ನೆ 'ಪಾಯಿಂಟ್ ಗಾರ್ಡ್' ಎಂಬ ಆಟಗಾರನ ಸುತ್ತ ಸುತ್ತುತ್ತದೆ. ಐವರ ತಂಡದಲ್ಲಿ ಸಾಮಾನ್ಯವಾಗಿ ಎಲ್ಲರಿಗಿಂತ ಕುಳ್ಳನಾದವನು ಈತ. ಚೆಂಡನ್ನು ನೆಲಕ್ಕೆ ಪುಟಿಸುತ್ತ ತನ್ನ ಕಡೆಯಿಂದ ಎದುರಾಳಿಯ ಕಡೆಗೆ ತರುವುದು, ಯಾರು ಎಲ್ಲಿ ನಿಲ್ಲಬೇಕೆಂದು ಸನ್ನೆ ಮಾಡುವುದು, ಸಮಯ ನೋಡಿ ಸರಿಯಾದವನ ಕೈಗೆ ಚೆಂಡು ದಾಟಿಸುವುದು ಈತನ ಹೊಣೆ. ಪಂಕ್ತಿಯಲ್ಲಿ ಬಡಿಸುವವನಿದ್ದಂತೆ. ಎಲೆ ಯಾರದು ಖಾಲಿಯಾಗಿದೆ, ಯಾರಿಗೆ ಏನು ಬೇಕು ಎಂಬುದೆಲ್ಲ ಆತನಿಗೆ ಗೊತ್ತಿರಬೇಕು. ವಾಲಿಬಾಲ್‌ನಲ್ಲಿ ಈ ತೊಡಕಿಲ್ಲ. ಅಲ್ಲಿ ಚೆಂಡು ಎತ್ತಿಕೊಡುವವನು ಬೇರೆ, ಹೊಡೆಯುವವನು ಬೇರೆ. ಬ್ಯಾಸ್ಕೆಟ್‌ಬಾಲ್‌ನಲ್ಲಾದರೋ ಬಡಿಸುವವನ ಕೈಯಲ್ಲೇ ಪಾತ್ರೆ, ಎದುರಿಗೆ ಎಲೆ, ಹೊಟ್ಟೆ ಆತನದೂ ಹಸಿದಿರುತ್ತದೆ. ಹತ್ತಡಿ ಎತ್ತರದ ಬುಟ್ಟಿ ಎಲ್ಲರಿಗಿರುವಷ್ಟೇ ದೂರದಲ್ಲಿ ಆತನಿಗೂ ಇದೆ.

ಈ ಆಟವನ್ನು ಹುಟ್ಟಿಸಿದವನಿಗೆ ಇಂಥ ಗೊಂದಲವೇ ಇರಲಿಲ್ಲ. 1891ರ ಡಿಸೆಂಬರ್‌ನಲ್ಲಿ ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಕೊಳೆಯುತ್ತಿದ್ದ 18 ಮಂದಿ ತುಂಟ ವಿದ್ಯಾರ್ಥಿಗಳಿಗಾಗಿ ಹದಿಮೂರು ನಿಯಮಗಳ ಹೊಸ ಆಟವೊಂದನ್ನು ರೂಪಿಸಿದ. ಪೀಚ್ ಹಣ್ಣಿನ ಎರಡು ಬುಟ್ಟಿಗಳು, ಒಂದು ಫುಟ್‌ಬಾಲ್, ಒಂಬತ್ತೊಂಬತ್ತು ಜನರ ಎರಡು ತಂಡಗಳು. ಹದಿಮೂರರಲ್ಲಿ ಮೂರನೆಯ ನಿಯಮವೇ ಆಟದ ಜೀವ: ಚೆಂಡು ಹಿಡಿದವನು ಓಡುವಂತಿಲ್ಲ, ಹಿಡಿದ ಜಾಗದಿಂದಲೇ ಎಸೆಯಬೇಕು. ಓಡುವವನಿದ್ದರೆ ಅವನನ್ನು ಕೆಡವುವವನೂ ಇರುತ್ತಾನೆ. ಗಟ್ಟಿ ನೆಲದ ಮೇಲೆ ಕೆಡವಿದರೆ ಮೂಳೆ ಮುರಿಯುತ್ತದೆ ಎಂಬುದು ನೇಸ್ಮಿತ್‌ನ ಲೆಕ್ಕಾಚಾರ. ಹೀಗಾಗಿ ಮೊದಲ ಬ್ಯಾಸ್ಕೆಟ್‌ಬಾಲ್ ಅಪ್ಪಟ ಪಾಸಿನ ಆಟ. ಅಂದು ನಡೆದ ಮೊದಲ ಪಂದ್ಯದಲ್ಲಿ ಒಟ್ಟು ಬಿದ್ದದ್ದು ಒಂದೇ ಒಂದು ಬುಟ್ಟಿ. ಆಗ 'ಗಾರ್ಡ್' ಎಂದರೆ ಹೆಸರೇ ಹೇಳುವಂತೆ ಕಾವಲುಗಾರ, ತನ್ನ ಬುಟ್ಟಿಯ ಬಳಿ ನಿಂತು ಎದುರಾಳಿಯನ್ನು ತಡೆಯುವವನು.

ಆದರೆ ಆಡುವವರು ನಿಯಮ ಮಾಡುವವರಿಗಿಂತ ಜಾಣರು. ಎದುರಾಳಿಗಳು ಸುತ್ತುವರಿದಾಗ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದೆದ್ದ ಚೆಂಡನ್ನು ತಾನೇ ಮತ್ತೆ ಹಿಡಿದರೆ ಅದು ಓಡಿದಂತಾಗಲಿಲ್ಲವಲ್ಲ! ತನಗೆ ತಾನೇ ಮಾಡಿಕೊಂಡ ಪಾಸ್ ಅದು. ಡ್ರಿಬ್ಲಿಂಗ್ ಹುಟ್ಟಿದ್ದು ಹೀಗೆ. ಕ್ರೀಡಾಧಿಕಾರಿಗಳಿಗೆ ಇದು ಬಹುಕಾಲ ಕಣ್ಣಿಗೆ ಬಿದ್ದ ಕಸವಾಗಿತ್ತು. ಇಪ್ಪತ್ತನೆಯ ಶತಮಾನದ ಮೊದಲ ಕೆಲವು ವರ್ಷ, ಚೆಂಡು ಪುಟಿಸಿಕೊಂಡು ಬಂದವನು ತಾನೇ ಬುಟ್ಟಿಗೆ ಎಸೆಯುವಂತಿಲ್ಲ ಎಂದೇ ನಿಯಮವಿತ್ತು. ಇಂದು ಚರ್ಚೆಯಾಗುತ್ತಿರುವ ಪ್ರಶ್ನೆಗೆ ಆಗ ಕಾನೂನೇ ಉತ್ತರ ಹೇಳಿಬಿಟ್ಟಿತ್ತು ಎನ್ನಬೇಕು: ತರುವವನು ಕೊಡಬೇಕು, ಅಷ್ಟೆ. ಆ ನಿಯಮ ಬಿದ್ದುಹೋದ ಮೇಲೂ ಹಳಬರ ಅಸಮಾಧಾನ ಅಡಗಲಿಲ್ಲ. 1927ರಲ್ಲಿ ನಿಯಮ ಸಮಿತಿ ಡ್ರಿಬ್ಲಿಂಗ್ ಅನ್ನು ಒಂದೇ ಪುಟಿತಕ್ಕೆ ಮಿತಗೊಳಿಸಲು ತೀರ್ಮಾನಿಸಿತು. ಇದರ ಹಿಂದಿದ್ದವನು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತರಬೇತುದಾರ ವಾಲ್ಟರ್ ಮೀನ್‌ವೆಲ್. ಚಿಕ್ಕ ಚಿಕ್ಕ ಪಾಸ್‌ಗಳ ಶಿಸ್ತಿನ ಆಟವೇ ನಿಜವಾದ ಆಟ ಎಂದು ಆತ ನಂಬಿದ್ದ. ಇದನ್ನು ವಿರೋಧಿಸಿ ಕಾನ್ಸಾಸ್‌ನ ಫಾಗ್ ಆಲೆನ್ ನೇತೃತ್ವದಲ್ಲಿ ತರಬೇತುದಾರರು ತಮ್ಮದೇ ಒಂದು ಸಂಘ ಕಟ್ಟಿದರು, ತೀರ್ಮಾನ ರದ್ದಾಯಿತು. ಫಾಗ್ ಆಲೆನ್ ನೇಸ್ಮಿತ್‌ನ ಶಿಷ್ಯನೇ. ಗುರು ಕಟ್ಟಿಹಾಕಿದ್ದ ಕಾಲುಗಳನ್ನು ಶಿಷ್ಯ ಬಿಚ್ಚಿದಂತಾಯಿತು. ಅಂದಿನಿಂದ ಚೆಂಡು ತರುವವನ ಮುಂದೆ ಎರಡೂ ದಾರಿಗಳು ತೆರೆದವು. ತೊಡಕು ಶುರುವಾದದ್ದೂ ಆಗಲೇ.

ಇವೆರಡು ದಾರಿಗಳ ನಡುವೆ ನಿಂತ ಮೊದಲ ದೊಡ್ಡ ಹೆಸರು ಬಾಬ್ ಕೂಜಿ. ನ್ಯೂಯಾರ್ಕ್‌ನ ಬಡ ಬಡಾವಣೆಯಲ್ಲಿ, ಫ್ರಾನ್ಸ್‌ನಿಂದ ವಲಸೆ ಬಂದ ದಂಪತಿಗೆ 1928ರಲ್ಲಿ ಹುಟ್ಟಿದವನು. ಹುಡುಗನಾಗಿದ್ದಾಗ ಬಲಗೈ ಮುರಿದದ್ದರಿಂದ ಎಡಗೈಯಲ್ಲಿ ಆಡುವುದನ್ನೂ ಕಲಿತ. 1950ರಲ್ಲಿ ಆತನನ್ನು ಕೊಂಡಿದ್ದ ಷಿಕಾಗೋದ ತಂಡ ಬಾಗಿಲು ಹಾಕಿದಾಗ ಉಳಿದ ಮೂವರು ಆಟಗಾರರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಟೋಪಿಯಲ್ಲಿ ಹಾಕಿ ಎತ್ತಲಾಯಿತು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಒಡೆಯ ವಾಲ್ಟರ್ ಬ್ರೌನ್‌ನ ಕೈಗೆ ಬಂದದ್ದು ಕೂಜಿಯ ಚೀಟಿ. ಬ್ರೌನ್‌ಗೆ ಬೇಕಾಗಿದ್ದವನು ಬೇರೆಯವನು! ಬೇಡವಾಗಿ ಬಂದ ಈ ಆಟಗಾರ ಮುಂದೆ ಸತತ ಎಂಟು ವರ್ಷ, 1953ರಿಂದ 1960ರವರೆಗೆ, ಅಸಿಸ್ಟ್ ಪಟ್ಟಿಯ ತುದಿಯಲ್ಲಿ ಕುಳಿತ. ಬೆನ್ನ ಹಿಂದಿನಿಂದ ಚೆಂಡು ದಾಟಿಸುವುದು, ಒಂದು ಕಡೆ ನೋಡುತ್ತ ಇನ್ನೊಂದು ಕಡೆ ಕೊಡುವುದು ಮುಂತಾದ ಚಮತ್ಕಾರಗಳನ್ನು ಜನ ಕಾಸು ಕೊಟ್ಟು ನೋಡುವಂತೆ ಮಾಡಿದವನು ಆತನೇ.

ಕೂಜಿಯನ್ನು ಪಾಸಿನ ಪರದ ಸಾಕ್ಷಿಯನ್ನಾಗಿ ನಿಲ್ಲಿಸುವುದು ವಾಡಿಕೆ. ಆದರೆ ಆ ಸಾಕ್ಷಿ ಅಷ್ಟು ಸಲೀಸಲ್ಲ. 1953ರ ಮಾರ್ಚ್ 21ರಂದು ಸಿರಾಕ್ಯೂಸ್ ತಂಡದ ವಿರುದ್ಧ ನಾಲ್ಕು ಬಾರಿ ಹೆಚ್ಚುವರಿ ಅವಧಿಗೆ ಎಳೆದ ಪಂದ್ಯದಲ್ಲಿ ಆತ ಒಬ್ಬನೇ 50 ಪಾಯಿಂಟ್ ಗಳಿಸಿದ್ದ. ಅದರಲ್ಲಿ 30 ಪಾಯಿಂಟ್ ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಥ್ರೋಗಳಿಂದಲೇ ಬಂದವು. ಆಗ ಆಟಕ್ಕೆ ಗಡಿಯಾರದ ಕಟ್ಟುಪಾಡಿರಲಿಲ್ಲ. ಮುಂದಿದ್ದ ತಂಡ ಚೆಂಡನ್ನು ಎಷ್ಟು ಹೊತ್ತು ಬೇಕಾದರೂ ಇಟ್ಟುಕೊಳ್ಳಬಹುದಿತ್ತು. 1950ರ ನವೆಂಬರ್ 22ರಂದು ಫೋರ್ಟ್ ವೇನ್ ತಂಡ ಮಿನಿಯಾಪೊಲಿಸ್ ತಂಡವನ್ನು 19-18ರಿಂದ ಸೋಲಿಸಿತ್ತು ಎಂದರೆ ಆ ಕಾಲದ ಆಟದ ಸೊಗಸು ಎಂಥದ್ದೆಂದು ಊಹಿಸಿಕೊಳ್ಳಬಹುದು. 1954ರಲ್ಲಿ ಸಿರಾಕ್ಯೂಸ್ ತಂಡದ ಒಡೆಯ ಡ್ಯಾನಿ ಬಯಾಸೋನ್‌ನ ಒತ್ತಾಯದಿಂದ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ ನಿಯಮ ಬಂತು. ತಂಡಗಳ ಸರಾಸರಿ ಒಂದೇ ವರ್ಷದಲ್ಲಿ 79.5ರಿಂದ 93.1ಕ್ಕೆ ಏರಿತು. ಇದರ ಫಲ ಎಲ್ಲರಿಗಿಂತ ಹೆಚ್ಚು ಮುಟ್ಟಿದ್ದು ಗಾರ್ಡ್‌ಗೆ. ಯೋಚಿಸಲು ಸಮಯವಿಲ್ಲದ ಆಟದಲ್ಲಿ ಯೋಚಿಸುವವನಿಗೆ ಬೆಲೆ ಹೆಚ್ಚು.

ಆದರೂ ಕೂಜಿಯ ಅಷ್ಟೆಲ್ಲ ಪಾಸ್‌ಗಳಿಂದ ಸೆಲ್ಟಿಕ್ಸ್‌ಗೆ ಆರು ವರ್ಷ ಒಂದೇ ಒಂದು ಪ್ರಶಸ್ತಿ ಬರಲಿಲ್ಲ. ಬಂದದ್ದು 1957ರಲ್ಲಿ, ಬಿಲ್ ರಸೆಲ್ ಎಂಬ ಎತ್ತರದ ಸೆಂಟರ್ ಆಟಗಾರ ತಂಡ ಸೇರಿದ ಮೇಲೆ. ರಸೆಲ್ ಎದುರಾಳಿಯ ಎಸೆತವನ್ನು ತಡೆದು, ಪುಟಿದ ಚೆಂಡನ್ನು ಹಿಡಿದು ಕೂಜಿಗೆ ಎಸೆಯುತ್ತಿದ್ದ. ಎದುರಾಳಿಗಳು ಹಿಂತಿರುಗಿ ನೋಡುವಷ್ಟರಲ್ಲಿ ಕೂಜಿ ಅದನ್ನು ಮುಂದೆ ಓಡುತ್ತಿದ್ದವನಿಗೆ ಮುಟ್ಟಿಸಿಬಿಡುತ್ತಿದ್ದ. ಆಮೇಲೆ ಕೂಜಿ ಆಡಿದ ಅವಧಿಯಲ್ಲಿ ಒಟ್ಟು ಆರು ಪ್ರಶಸ್ತಿಗಳು. ಆತನ ಕೈ ಹೆಚ್ಚೇನೂ ಬದಲಾಗಿರಲಿಲ್ಲ; ಆ ಕೈ ಕೊಟ್ಟದ್ದನ್ನು ತೆಗೆದುಕೊಳ್ಳುವವರು ಬದಲಾಗಿದ್ದರು. ಅಸಿಸ್ಟ್ ಎಂಬ ಲೆಕ್ಕದ ವಿಚಿತ್ರವೇ ಇದು. ಕೊಟ್ಟವನ ಖಾತೆಗೆ ಅದು ಜಮೆಯಾಗಬೇಕಾದರೆ ತೆಗೆದುಕೊಂಡವನು ಬುಟ್ಟಿಗೆ ಹಾಕಬೇಕು. ಎಷ್ಟೇ ಸೊಗಸಾದ ಪಾಸ್ ಇರಲಿ, ಜೊತೆಗಾರ ತಪ್ಪಿಸಿದರೆ ಅದು ಪುಸ್ತಕದಲ್ಲಿ ಸೊನ್ನೆ.

ಇದೇ ಹೊತ್ತಿಗೆ ಸಿನ್ಸಿನಾಟಿ ರಾಯಲ್ಸ್ ತಂಡಕ್ಕೆ ಆಸ್ಕರ್ ರಾಬರ್ಟ್‌ಸನ್ ಬಂದಿದ್ದ. ಆರಡಿ ಐದಂಗುಲದ ಕಟ್ಟುಮಸ್ತಾದ ಗಾರ್ಡ್. 1961-62ರ ಋತುವಿನಲ್ಲಿ ಆತನ ಸರಾಸರಿ 30.8 ಪಾಯಿಂಟ್, 12.5 ರೆಬೌಂಡ್, 11.4 ಅಸಿಸ್ಟ್. ಮೂರೂ ಲೆಕ್ಕಗಳಲ್ಲಿ ಎರಡಂಕಿಯ ಸರಾಸರಿ! ಮತ್ತೊಬ್ಬ ಇದನ್ನು ಮುಟ್ಟಲು 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಬರಬೇಕಾಯಿತು. ಎಸೆಯುವುದೋ ಕೊಡುವುದೋ ಎಂಬ ಪ್ರಶ್ನೆಯನ್ನು ರಾಬರ್ಟ್‌ಸನ್‌ಗೆ ಕೇಳುವುದೇ ಅಸಂಬದ್ಧವಾಗಿತ್ತು. ಆದರೆ ಆ ವರ್ಷ ರಾಯಲ್ಸ್ 43 ಪಂದ್ಯ ಗೆದ್ದು, ಅಂತಿಮ ಹಂತದ ಮೊದಲ ಸುತ್ತಿನಲ್ಲೇ ಮನೆಗೆ ಹೋಯಿತು. ಹತ್ತು ವರ್ಷ ಸಿನ್ಸಿನಾಟಿಗಾಗಿ ಬೆವರು ಸುರಿಸಿದ ರಾಬರ್ಟ್‌ಸನ್‌ಗೆ ಅಲ್ಲಿ ಒಂದು ಪ್ರಶಸ್ತಿಯೂ ದಕ್ಕಲಿಲ್ಲ.

1969ರಲ್ಲಿ ರಾಯಲ್ಸ್‌ನ ತರಬೇತುದಾರನಾಗಿ ಬಂದವನು ಬೇರೆ ಯಾರೂ ಅಲ್ಲ, ಕೂಜಿ. ಪಾಸಿನ ಮಹಾರಾಜನ ಕೈಗೆ ಎಲ್ಲವನ್ನೂ ಬಲ್ಲ ಗಾರ್ಡ್ ಸಿಕ್ಕಿದ್ದ. ಇವರಿಬ್ಬರ ಜೋಡಿ ಏನೆಲ್ಲ ಮಾಡಬಹುದಿತ್ತೋ! ಆದದ್ದು ಬೇರೆ. ಒಂದೇ ಋತುವಿನ ನಂತರ, 1970ರಲ್ಲಿ, ರಾಯಲ್ಸ್ ಆಡಳಿತ ರಾಬರ್ಟ್‌ಸನ್‌ನನ್ನು ಮಿಲ್ವಾಕಿ ತಂಡಕ್ಕೆ ಕೊಟ್ಟು, ಬದಲಿಗೆ ಅಷ್ಟೇನೂ ಹೆಸರಿಲ್ಲದ ಇಬ್ಬರನ್ನು ಪಡೆಯಿತು. ಕೂಜಿಗೆ ಎಳೆಯ ಕಾಲುಗಳ ಓಟದ ಆಟ ಬೇಕಾಗಿತ್ತು. ರಾಬರ್ಟ್‌ಸನ್ ಚೆಂಡನ್ನು ತನ್ನ ಲಯಕ್ಕೆ ತಕ್ಕಂತೆ ನಿಧಾನವಾಗಿ ನಡೆಸುವವನು. ಮಿಲ್ವಾಕಿಯಲ್ಲಿ ಆತನಿಗಾಗಿ ಕಾದಿದ್ದವನು ಏಳಡಿ ಎರಡಂಗುಲದ ಲೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಹೆಸರಾದವನು. ರಾಬರ್ಟ್‌ಸನ್‌ನ ಸರಾಸರಿ 19.4 ಪಾಯಿಂಟ್‌ಗೆ ಇಳಿಯಿತು. 1971ರಲ್ಲಿ ಮಿಲ್ವಾಕಿ ಅಂತಿಮ ಸರಣಿಯನ್ನು 4-0ಯಿಂದ ಗೆದ್ದಿತು.

ರಾಬರ್ಟ್‌ಸನ್ ಬಿಟ್ಟುಹೋದ ಅದೇ 1970ರಲ್ಲಿ ಕೂಜಿಯ ತಂಡ ಎರಡನೆಯ ಸುತ್ತಿನ ಆಯ್ಕೆಯಲ್ಲಿ ತೆಗೆದುಕೊಂಡ ಹುಡುಗನೇ ಆರ್ಚಿಬಾಲ್ಡ್. ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯ ಅಂಗಣಗಳಲ್ಲಿ ಬೆಳೆದವನು. ಮೊದಲ ವರ್ಷ ತಂಡದಲ್ಲಿ ಚೆಂಡು ಹಂಚುವ ಕೆಲಸ ನಾರ್ಮ್ ವ್ಯಾನ್ ಲೀರ್‌ನದಾಗಿತ್ತು. ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಅಸಿಸ್ಟ್ ಆತನದು. ಮರುವರ್ಷ ಆತನನ್ನೂ ಬೇರೆ ತಂಡಕ್ಕೆ ಕೊಡಲಾಯಿತು. 1972ರಲ್ಲಿ ತಂಡವೇ ಸಿನ್ಸಿನಾಟಿ ಬಿಟ್ಟು ಕಾನ್ಸಾಸ್ ಸಿಟಿ ಮತ್ತು ಒಮಾಹಾ ಎಂಬ ಎರಡು ಊರುಗಳ ಪಾಲಾಯಿತು. ರಾಯಲ್ಸ್ ಎಂಬ ಹೆಸರೂ ಹೋಗಿ ಕಿಂಗ್ಸ್ ಆಯಿತು. ಚೆಂಡು ತರುವವನು, ಹಂಚುವವನು, ಬುಟ್ಟಿಗೆ ಹಾಕುವವನು ಎಲ್ಲ ಈಗ ಒಬ್ಬನೇ. ಹಂಚುವುದರಿಂದಲೇ ಹೆಸರು ಗಳಿಸಿದ್ದ ಕೂಜಿ ಈ ಹುಡುಗನ ಕೈಗೆ ಕಡಿವಾಣ ಹಾಕಲಿಲ್ಲ. ಹಾಕಿ ಪ್ರಯೋಜನವೂ ಇರಲಿಲ್ಲವೆನ್ನಿ, ಆತ ಎಸೆಯದಿದ್ದರೆ ಎಸೆಯುವವರಾದರೂ ಯಾರು? 34 ಪಾಯಿಂಟ್ ಎಂಬುದು ದುರಾಸೆಯ ಅಂಕಿಯಂತೆ ಕಾಣುತ್ತದೆ. ಪಕ್ಕದಲ್ಲಿರುವ 910 ಅಸಿಸ್ಟ್ ಅಂದಿಗೆ ಲೀಗ್‌ನ ಹೊಸ ದಾಖಲೆ. ಕಿಂಗ್ಸ್ ಸೋಲಿಗೆ ಆರ್ಚಿಬಾಲ್ಡ್‌ನ ಸ್ವಾರ್ಥ ಕಾರಣ ಎನ್ನುವವರು ಈ ಎರಡನೆಯ ಅಂಕಿಯನ್ನು ನೋಡುವುದಿಲ್ಲ. ಆತ ಕೊಟ್ಟದ್ದು ಕಡಿಮೆಯಾಗಿರಲಿಲ್ಲ. ಎಲ್ಲವೂ ಒಬ್ಬನ ಕೈಯಿಂದಲೇ ಹೊರಡುವ ಆಟವನ್ನು ಎದುರಾಳಿಗಳು ಓದಿಕೊಳ್ಳುವುದು ಸುಲಭವಾಗಿತ್ತು.

ದಾಖಲೆಯ ಮಾತು ಬಂದಾಗ ಒಂದು ವಿಷಯ ಹೇಳದಿದ್ದರೆ ರಾಬರ್ಟ್‌ಸನ್‌ಗೆ ಅನ್ಯಾಯವಾದೀತು. 1967-68ರಲ್ಲಿ ಪಾಯಿಂಟ್ ಮತ್ತು ಅಸಿಸ್ಟ್ ಎರಡರಲ್ಲೂ ಅತಿ ಹೆಚ್ಚಿನ ಸರಾಸರಿ ಆತನದೇ ಆಗಿತ್ತು. ಆದರೆ ಆಗ ಅಗ್ರಸ್ಥಾನವನ್ನು ಒಟ್ಟು ಮೊತ್ತದ ಮೇಲೆ ತೀರ್ಮಾನಿಸುತ್ತಿದ್ದರು. ರಾಬರ್ಟ್‌ಸನ್ 65 ಪಂದ್ಯ ಮಾತ್ರ ಆಡಿದ್ದ. ಹೀಗಾಗಿ ಆ ವರ್ಷ ಅಸಿಸ್ಟ್‌ನ ಅಗ್ರಸ್ಥಾನ ಹೋದದ್ದು ಯಾರಿಗೆ ಗೊತ್ತೇ? ಗಾರ್ಡ್‌ಗೇ ಅಲ್ಲ, ವಿಲ್ಟ್ ಚೇಂಬರ್ಲೇನ್ ಎಂಬ ಏಳಡಿಯ ಸೆಂಟರ್‌ಗೆ! 1962ರ ಮಾರ್ಚ್ 2ರಂದು ಒಂದೇ ಪಂದ್ಯದಲ್ಲಿ 100 ಪಾಯಿಂಟ್ ಗಳಿಸಿದ್ದ ಭೂಪ ಈತ. ಬರೀ ಎಸೆಯುವವನೆಂಬ ಟೀಕೆ ಕೇಳಿ ಕೇಳಿ, ಕೊಡುವುದರಲ್ಲೂ ತಾನೇ ಮೊದಲಿಗನೆಂದು ತೋರಿಸಲು ಹೊರಟು 702 ಅಸಿಸ್ಟ್ ಗಳಿಸಿದ. ಆದರೆ ಅದೇ ವರ್ಷ ಬಾಸ್ಟನ್ ವಿರುದ್ಧದ ನಿರ್ಣಾಯಕ ಏಳನೆಯ ಪಂದ್ಯದ ಇಡೀ ಉತ್ತರಾರ್ಧದಲ್ಲಿ ಆತ ಬುಟ್ಟಿಗೆ ಎಸೆದದ್ದು ಎರಡೇ ಸಲ. ಆತನ ಫಿಲಡೆಲ್ಫಿಯಾ ತಂಡ ನಾಲ್ಕು ಪಾಯಿಂಟ್‌ಗಳಿಂದ ಸೋತಿತು. ಎಸೆದರೆ ದುರಾಸೆ, ಎಸೆಯದಿದ್ದರೆ ಪುಕ್ಕಲುತನ. ಟೀಕಾಕಾರರ ಎರಡು ನಾಲಗೆಗಳ ನಡುವೆ ಚೇಂಬರ್ಲೇನ್‌ನಂಥ ದೈತ್ಯನೂ ನುಚ್ಚಾದ.

ಆರ್ಚಿಬಾಲ್ಡ್‌ನ ಮುಂದಿನ ವರ್ಷಗಳು ಕಷ್ಟದವು. 1976ರಲ್ಲಿ ಆತನನ್ನು ನ್ಯೂಯಾರ್ಕ್ ನೆಟ್ಸ್ ತಂಡಕ್ಕೆ ಕೊಡಲಾಯಿತು. ಅಲ್ಲಿ ಪಾದದ ಮೂಳೆ ಮುರಿಯಿತು. ಅಲ್ಲಿಂದ ಬಫಲೋ. ಅಲ್ಲಿ ಒಂದು ಪಂದ್ಯವನ್ನೂ ಆಡುವ ಮೊದಲೇ ಹಿಮ್ಮಡಿಯ ಮೇಲಿನ ಅಕಿಲೀಸ್ ಸ್ನಾಯುರಜ್ಜು ಹರಿದು ಇಡೀ ವರ್ಷ ಹಾಳಾಯಿತು. 1978ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ಗೆ, ಎಂದರೆ ಕೂಜಿಯ ಹಳೆಯ ಮನೆಗೆ, ಆತ ಬಂದಾಗ ವಯಸ್ಸು ಮೂವತ್ತು. ಹಿಂದಿನ ಮಿಂಚಿನ ಓಟ ಉಳಿದಿರಲಿಲ್ಲ. ಮೊದಲ ವರ್ಷ ಆತನ ಸರಾಸರಿ 11 ಪಾಯಿಂಟ್. ತಂಡವೂ ಪಾತಾಳದಲ್ಲಿತ್ತು. ಮರುವರ್ಷ ಲ್ಯಾರಿ ಬರ್ಡ್ ಬಂದ. ಅದರ ಮರುವರ್ಷ ರಾಬರ್ಟ್ ಪ್ಯಾರಿಷ್ ಮತ್ತು ಕೆವಿನ್ ಮೆಕ್‌ಹೇಲ್ ಬಂದರು. ಕಾನ್ಸಾಸ್ ಸಿಟಿಯಲ್ಲಿ ಎತ್ತ ನೋಡಿದರೂ ತಾನೇ ಎಸೆಯಬೇಕಾಗಿದ್ದವನಿಗೆ ಈಗ ಎತ್ತ ನೋಡಿದರೂ ತನಗಿಂತ ಚೆನ್ನಾಗಿ ಎಸೆಯುವವರು.

1981ರ ಫೆಬ್ರುವರಿಯಲ್ಲಿ ಲೀಗ್‌ನ ಎಲ್ಲ ತಾರೆಯರು ಆಡುವ ಆಲ್ ಸ್ಟಾರ್ ಪಂದ್ಯ ನಡೆಯಿತು. ಸಾಮಾನ್ಯವಾಗಿ ಪಾಯಿಂಟ್‌ಗಳ ಸುರಿಮಳೆಗರೆದವನಿಗೇ ಶ್ರೇಷ್ಠ ಆಟಗಾರನ ಬಹುಮಾನ ಹೋಗುವುದು ಅಲ್ಲಿನ ರೂಢಿ. ಅಂದು ಆ ಬಹುಮಾನ ಪಡೆದ ಆರ್ಚಿಬಾಲ್ಡ್ ಗಳಿಸಿದ್ದು ಒಂಬತ್ತು ಪಾಯಿಂಟ್, ಒಂಬತ್ತು ಅಸಿಸ್ಟ್. ಆ ಋತುವಿನ ಆತನ ಸರಾಸರಿ 13.8 ಪಾಯಿಂಟ್, 7.7 ಅಸಿಸ್ಟ್. ಎರಡೂ ಲೆಕ್ಕಗಳಲ್ಲಿ ಎಂಟು ವರ್ಷ ಹಿಂದಿನ ಆರ್ಚಿಬಾಲ್ಡ್‌ನ ನೆರಳು ಮಾತ್ರ. ಪೂರ್ವ ವಿಭಾಗದ ಅಂತಿಮ ಸರಣಿಯಲ್ಲಿ ಫಿಲಡೆಲ್ಫಿಯಾ ಎದುರು 1-3ರಿಂದ ಹಿಂದಿದ್ದ ಬಾಸ್ಟನ್ ಉಳಿದ ಮೂರು ಪಂದ್ಯಗಳನ್ನೂ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಬಳಿಕ ಹ್ಯೂಸ್ಟನ್ ತಂಡವನ್ನು 4-2ರಿಂದ ಸೋಲಿಸಿ ಪ್ರಶಸ್ತಿ ಎತ್ತಿತು. ರಾಬರ್ಟ್‌ಸನ್‌ನ ಕತೆಯೇ ಮರುಕಳಿಸಿದಂತಿತ್ತು. ಇಬ್ಬರ ನಡುವೆ ಬಂದುಹೋಗುವ ಕೂಜಿಯನ್ನು ನೆನೆದರೆ, ಯಾರೋ ಕೂತು ಹೆಣೆದ ಕತೆಯೋ ಎಂಬ ಅನುಮಾನ ಬರುವಷ್ಟು.

ಹಾಗೆಂದು ಗಾರ್ಡ್ ಕೈ ಬಿಗಿಹಿಡಿದರೆ ಗೆಲುವು ಖಂಡಿತ ಎಂದು ತೀರ್ಪು ಕೊಡುವಂತಿಲ್ಲ. ಯೂಟಾ ತಂಡದ ಜಾನ್ ಸ್ಟಾಕ್ಟನ್‌ನನ್ನು ನೋಡಿ. 19 ವರ್ಷ ಒಂದೇ ತಂಡ, 15,806 ಅಸಿಸ್ಟ್. ಎರಡನೆಯ ಸ್ಥಾನದಲ್ಲಿರುವವನು ಮೂರು ಸಾವಿರಕ್ಕೂ ಹೆಚ್ಚು ಹಿಂದಿದ್ದಾನೆ. ಸತತ ಒಂಬತ್ತು ವರ್ಷ ಅಸಿಸ್ಟ್ ಪಟ್ಟಿಯ ಅಗ್ರಸ್ಥಾನ. ಆತನ ಪಾಸ್‌ಗಳಿಂದ ಕಾರ್ಲ್ ಮಲೋನ್ ಪಾಯಿಂಟ್‌ಗಳ ಬೆಟ್ಟವನ್ನೇ ಕಟ್ಟಿದ. ಸ್ಟಾಕ್ಟನ್ ತಾನು ಎಸೆದ ಚೆಂಡುಗಳಲ್ಲಿ ನೂರಕ್ಕೆ 51ಕ್ಕಿಂತ ಹೆಚ್ಚನ್ನು ಬುಟ್ಟಿಗೆ ಹಾಕಿದವನು. ಗಾರ್ಡ್ ಒಬ್ಬನಿಗೆ ಇದು ಅಪರೂಪದ ಕೈಗುಣ. (ಕೂಜಿಗೆ ನೂರಕ್ಕೆ 38ನ್ನೂ ಮುಟ್ಟಲಾಗಿರಲಿಲ್ಲ.) ಇಷ್ಟಾಗಿಯೂ ಸ್ಟಾಕ್ಟನ್‌ನ ಸರಾಸರಿ ಹದಿಮೂರು ಪಾಯಿಂಟ್ ಮಾತ್ರ. ಇಷ್ಟು ಚೆನ್ನಾಗಿ ಎಸೆಯಬಲ್ಲವನು ಇನ್ನಷ್ಟು ಎಸೆಯಬಾರದಿತ್ತೇ? 1997ರ ಮೇ 29ರಂದು ಹ್ಯೂಸ್ಟನ್ ವಿರುದ್ಧ ಕೊನೆಯ ಕ್ಷಣದಲ್ಲಿ ದೂರದಿಂದ ಎಸೆದು ಯೂಟಾ ತಂಡವನ್ನು ಮೊದಲ ಬಾರಿಗೆ ಅಂತಿಮ ಸರಣಿಗೆ ಒಯ್ದವನು ಆತನೇ. ಮರುವರ್ಷ ಜೂನ್ 14ರಂದು ಷಿಕಾಗೋ ವಿರುದ್ಧ ಅಂತಿಮ ಸರಣಿಯ ಆರನೆಯ ಪಂದ್ಯ. ಯೂಟಾ ಒಂದು ಪಾಯಿಂಟ್ ಹಿಂದೆ. ಕೊನೆಯ ಎಸೆತ ಮತ್ತೆ ಸ್ಟಾಕ್ಟನ್‌ನದೇ. ಅದು ಬೀಳಲಿಲ್ಲ. ಸ್ಟಾಕ್ಟನ್ ಪ್ರಶಸ್ತಿಯಿಲ್ಲದೆ ನಿವೃತ್ತನಾದ.

ಎಸೆತ ಮತ್ತು ಪಾಸ್ ಒಂದಕ್ಕೊಂದು ವಿರೋಧಿಗಳೆಂದು ಭಾವಿಸುವುದರಲ್ಲೇ ಈ ವಾದದ ದೋಷವಿದೆ. ಅಂಗಣದಲ್ಲಿ ಅವು ಹೇಗೆ ಕೆಲಸ ಮಾಡುತ್ತವೆಂಬುದನ್ನು 'ಪಿಕ್ ಅಂಡ್ ರೋಲ್' ಎಂಬ ಅತಿ ಹಳೆಯ ತಂತ್ರದಲ್ಲಿ ನೋಡಬಹುದು. ಗಾರ್ಡ್‌ನ ಬೆನ್ನುಹತ್ತಿರುವ ಕಾವಲುಗಾರನ ದಾರಿಗೆ ಅಡ್ಡವಾಗಿ ಗಾರ್ಡ್‌ನ ಜೊತೆಗಾರನೊಬ್ಬ ಗೋಡೆಯಂತೆ ಬಂದು ನಿಲ್ಲುತ್ತಾನೆ. ಗಾರ್ಡ್ ಆ ಗೋಡೆಯ ಪಕ್ಕದಿಂದ ಸರಕ್ಕನೆ ನುಸುಳುತ್ತಾನೆ. ಗೋಡೆಯಾಗಿದ್ದವನು ತಿರುಗಿ ಬುಟ್ಟಿಯತ್ತ ಓಡುತ್ತಾನೆ. ಈಗ ಅವನನ್ನು ಕಾಯುತ್ತಿದ್ದ ಎತ್ತರದ ಎದುರಾಳಿಗೆ ಧರ್ಮಸಂಕಟ. ಮುಂದೆ ಬಂದು ಗಾರ್ಡ್‌ನನ್ನು ತಡೆದರೆ ಬುಟ್ಟಿಯತ್ತ ಓಡಿದವನು ಖಾಲಿ. ಹಿಂದೆ ಉಳಿದರೆ ಗಾರ್ಡ್ ಖಾಲಿ. ಆತ ಅರ್ಧ ಹೆಜ್ಜೆ ಮುಂದಿಟ್ಟ ಕ್ಷಣದಲ್ಲಿ ಪಾಸ್ ಹೊರಡುತ್ತದೆ. ಆದರೆ ಗಾರ್ಡ್ ಎಸೆಯಲಾರದವನು ಅಥವಾ ಎಸೆಯದವನು ಎಂದು ಮೊದಲೇ ಗೊತ್ತಿದ್ದರೆ? ಎದುರಾಳಿ ಆ ಅರ್ಧ ಹೆಜ್ಜೆಯನ್ನು ಇಡುವುದೇ ಇಲ್ಲ. ಪಾಸ್ ಹೋಗಬೇಕಾದ ದಾರಿ ತೆರೆಯುವುದೇ ಇಲ್ಲ. ಎಸೆತದ ಬೆದರಿಕೆಯೇ ಪಾಸಿನ ಬಂಡವಾಳ. ಹಾಗೆಯೇ ಪಾಸ್ ಕೊಡದವನೆಂದು ಹೆಸರು ಪಡೆದವನ ಮೇಲೆ ಇಬ್ಬರು ಮುಗಿಬೀಳುತ್ತಾರೆ, ಎಸೆತವೂ ಕೆಡುತ್ತದೆ.

ಲಾಸ್ ಏಂಜಲೀಸ್ ಲೇಕರ್ಸ್ ತರಬೇತುದಾರ ಪ್ಯಾಟ್ ರೈಲಿ ಇದನ್ನು ಸರಿಯಾಗಿ ಅರಿತಿದ್ದ. ಆರಡಿ ಒಂಬತ್ತಂಗುಲದ ಮ್ಯಾಜಿಕ್ ಜಾನ್ಸನ್ ಆ ತಂಡದ ಗಾರ್ಡ್. ಕೊಡುವುದೇ ಆತನ ಹುಟ್ಟುಗುಣ. ಆದರೆ 1986-87ರ ಹೊತ್ತಿಗೆ ಕರೀಂಗೆ ನಲವತ್ತು ತುಂಬುತ್ತಿತ್ತು. ಇನ್ನು ಮೇಲೆ ನೀನೇ ಹೆಚ್ಚು ಎಸೆಯಬೇಕೆಂದು ರೈಲಿ ಜಾನ್ಸನ್‌ಗೆ ಹೇಳಿದ. ಆ ವರ್ಷ ಜಾನ್ಸನ್‌ನ ಸರಾಸರಿ 23.9 ಪಾಯಿಂಟ್‌ಗೆ ಏರಿತು. ಅಸಿಸ್ಟ್ ಇಳಿಯಿತೇ? ಹೆಚ್ಚೇನೂ ಇಲ್ಲ, 12.2 ಇತ್ತು. ಲೇಕರ್ಸ್ 65 ಪಂದ್ಯ ಗೆದ್ದು ಪ್ರಶಸ್ತಿಯನ್ನೂ ಗೆದ್ದಿತು. ಇದಕ್ಕೆ ತೀರ ವಿರುದ್ಧವಾದ ಮದ್ದನ್ನು ಕಂಡವನು ಫಿಲಡೆಲ್ಫಿಯಾದ ತರಬೇತುದಾರ ಲ್ಯಾರಿ ಬ್ರೌನ್. ಎಸೆಯುವ ಹುಚ್ಚಿನ ಆಲನ್ ಐವರ್ಸನ್‌ಗೆ ಹಂಚುವ ಕೆಲಸವನ್ನು ಒತ್ತಾಯದಿಂದ ಕಲಿಸುವ ಬದಲು, 1998-99ರಲ್ಲಿ ಆ ಕೆಲಸವನ್ನೇ ಆತನಿಂದ ಕಿತ್ತು ಎರಿಕ್ ಸ್ನೋ ಎಂಬ ಶಾಂತಸ್ವಭಾವದ ಆಟಗಾರನಿಗೆ ಕೊಟ್ಟ. ಆ ವರ್ಷವೇ ಐವರ್ಸನ್ ಪಾಯಿಂಟ್ ಪಟ್ಟಿಯ ತುದಿಗೇರಿದ. 2001ರಲ್ಲಿ ತಂಡ ಅಂತಿಮ ಸರಣಿ ತಲುಪಿತು.

1979ರಲ್ಲಿ ಎನ್‌ಬಿಎಗೆ ಬಂದ ಮೂರು ಪಾಯಿಂಟ್ ರೇಖೆಯನ್ನು ಮೊದಮೊದಲು ಸರ್ಕಸ್ ಆಟವೆಂದು ನಕ್ಕವರೇ ಹೆಚ್ಚು. 2004ರಲ್ಲಿ ಗಾರ್ಡ್‌ನ ಮೈಮೇಲೆ ಕೈಯಿಟ್ಟು ತಡೆಯುವುದರ ಮೇಲಿನ ನಿರ್ಬಂಧ ಬಿಗಿಯಾದ ಮೇಲೆ ಚೆಂಡು ತರುವವನಿಗೆ ದಾರಿ ಸಲೀಸಾಯಿತು. ಎರಡೂ ಕೂಡಿದಾಗ ಹುಟ್ಟಿದ ಪವಾಡ ಸ್ಟೀಫನ್ ಕರಿ. 2015-16ರಲ್ಲಿ ರೇಖೆಯ ಹೊರಗಿನಿಂದ 402 ಬಾರಿ ಬುಟ್ಟಿಗೆ ಹಾಕಿದ ಈತ ಹೆಸರಿಗೆ ಪಾಯಿಂಟ್ ಗಾರ್ಡ್. ತಂಡದಲ್ಲಿ ಹೆಚ್ಚು ಅಸಿಸ್ಟ್ ಮಾಡುತ್ತಿದ್ದವನು ಡ್ರೇಮಂಡ್ ಗ್ರೀನ್ ಎಂಬ ಫಾರ್ವರ್ಡ್. ಮೇಲ್ನೋಟಕ್ಕೆ ಇದು ಗಾರ್ಡ್ ತನ್ನ ಧರ್ಮ ಬಿಟ್ಟಂತೆ. ಆದರೆ ಬುಟ್ಟಿಯಿಂದ ಮೂವತ್ತು ಅಡಿ ದೂರದಲ್ಲೇ ಕರಿಯನ್ನು ತಡೆಯಲು ಇಬ್ಬರು ಓಡಿಬರುತ್ತಿದ್ದರು. ಆತ ಚೆಂಡನ್ನು ಗ್ರೀನ್‌ಗೆ ಕೊಟ್ಟ ಕ್ಷಣ, ಬುಟ್ಟಿಯ ಬಳಿ ನಾಲ್ವರ ಎದುರು ಮೂವರು ಮಾತ್ರ ಉಳಿಯುತ್ತಿದ್ದರು. ಪುಸ್ತಕದಲ್ಲಿ ಅಸಿಸ್ಟ್ ಗ್ರೀನ್‌ನದು. ದಾರಿ ತೆರೆದದ್ದು ಕರಿಯ ಎಸೆತದ ಭಯ. ಅದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ.

2025ರ ಅಂತಿಮ ಸರಣಿಯಲ್ಲಿ ಈ ಎರಡು ಬಗೆಯವರು ಎದುರುಬದುರಾದರು. ಒಕ್ಲಹೋಮಾ ಸಿಟಿಯ ಶೇ ಗಿಲ್ಜಸ್-ಅಲೆಕ್ಸಾಂಡರ್ ಆ ವರ್ಷ 32.7 ಪಾಯಿಂಟ್ ಸರಾಸರಿಯಿಂದ ಲೀಗ್‌ಗೇ ಮೊದಲಿಗ. ಇಂಡಿಯಾನಾದ ಟೈರೀಸ್ ಹ್ಯಾಲಿಬರ್ಟನ್ 18.6 ಪಾಯಿಂಟ್, 9.2 ಅಸಿಸ್ಟ್‌ನವನು. ಆ ವಸಂತದಲ್ಲಿ ಪತ್ರಿಕೆಯೊಂದು ನಡೆಸಿದ ಹೆಸರು ಹೇಳದ ಮತದಾನದಲ್ಲಿ ಸಹ ಆಟಗಾರರೇ ಹ್ಯಾಲಿಬರ್ಟನ್‌ನನ್ನು ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡವರ ಸಾಲಿನಲ್ಲಿ ಮೊದಲು ನಿಲ್ಲಿಸಿದ್ದರು. ಮೊದಲ ಪಂದ್ಯದ ಕೊನೆಯ ಸೆಕೆಂಡಿನಲ್ಲಿ ತಾನೇ ಎಸೆದು ಗೆಲ್ಲಿಸಿದವನು ಈ ಹಂಚುವವನೇ. ಸರಣಿ 3-3 ಸಮವಾಗಿ ಜೂನ್ 22ರಂದು ಏಳನೆಯ ಪಂದ್ಯಕ್ಕೆ ಬಂತು. ಮೊದಲ ಹನ್ನೆರಡು ನಿಮಿಷದ ಆಟ ಮುಗಿಯುವ ಮೊದಲೇ ಹ್ಯಾಲಿಬರ್ಟನ್ ಮೂರು ಬಾರಿ ರೇಖೆಯ ಹೊರಗಿನಿಂದ ಎಸೆದು ಒಂಬತ್ತು ಪಾಯಿಂಟ್ ಗಳಿಸಿದ್ದ. ಮತ್ತೊಮ್ಮೆ ಮುನ್ನುಗ್ಗುವಾಗ ಕುಸಿದು ಬಿದ್ದ. ಹರಿದದ್ದು ಆರ್ಚಿಬಾಲ್ಡ್‌ಗೆ ಹರಿದಿದ್ದ ಅದೇ ಅಕಿಲೀಸ್. ಆಚೆ ಕಡೆ ಗಿಲ್ಜಸ್-ಅಲೆಕ್ಸಾಂಡರ್‌ನ ಕೈಯೂ ಅಂದು ಕೂಡಿಬರಲಿಲ್ಲ. 27 ಎಸೆತಗಳಲ್ಲಿ 19 ತಪ್ಪಿದವು. ಆತ ಜೊತೆಗಾರರಿಗೆ ಕೊಟ್ಟ. ಹನ್ನೆರಡು ಅಸಿಸ್ಟ್ ಆದವು. ಒಕ್ಲಹೋಮಾ 103-91ರಿಂದ ಗೆದ್ದಿತು.